ಅಲುಗಾಡಿದರೆ ವೈರಸ್ ಕಾಣಿಸುವುದಿಲ್ಲ

ಕಣ್ಣಿಗೆ ಕಾಣದ್ದನ್ನು ಹುಡುಕುವ ಕೆಲಸಕ್ಕೆ ಸೇರಿದವನು ನಾನು. ಆದರೆ ನನ್ನ ಪಾಲಿಗೆ ಬಂದ ಫಜೀತಿಗಳೆಲ್ಲ ಮೈಲಿ ದೂರದಿಂದಲೇ ಎದ್ದು ಕಾಣುವಂಥವು. ಒಂದು ಮುಗಿಯಿತಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿರುತ್ತದೆ.

ತೊಂಬತ್ತರ ದಶಕದ ಕೊನೆ. ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಸ್ಕ್ರೂ ಫ್ಯಾಕ್ಟರಿಗೂ ಒಂದು ಬಿಸ್ಕೆಟ್ ಗೋದಾಮಿಗೂ ನಡುವೆ ನಮ್ಮ ಸಣ್ಣ ಲ್ಯಾಬ್. ಜೀವಕೋಶಗಳನ್ನು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ ಅವುಗಳಿಂದ ಇಂಜೆಕ್ಷನ್ ಔಷಧಿ ತೆಗೆಯುವ ಕಂಪನಿಗಳು ಆಗತಾನೇ ಬೆಂಗಳೂರಿನಲ್ಲಿ ತಲೆ ಎತ್ತಿದ್ದವು. ಆ ಕೋಶಗಳ ಜೊತೆ ವೈರಸ್ಸೂ ಗುಟ್ಟಾಗಿ ಬೆಳೆದುಬಿಟ್ಟರೆ ಔಷಧಿಯೇ ರೋಗವಾಗುತ್ತದೆ. ಅದಕ್ಕೇ ನಮಗೆ ಮಾದರಿ ಕಳಿಸುತ್ತಿದ್ದರು. ಎಳ್ಳಿಗಿಂತ ಕೊಂಚ ದೊಡ್ಡದಾದ ತಾಮ್ರದ ಜಾಲರಿಯ ಮೇಲೆ ಅದರ ಒಂದು ತೊಟ್ಟು ಹಾಕಿ, ಬಣ್ಣ ಕೊಟ್ಟು ಒಣಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗಿಟ್ಟು, ಕತ್ತಲೆ ಕೋಣೆಯಲ್ಲಿ ಹಸಿರು ಪರದೆಯ ಮುಂದೆ ಗಂಟೆಗಟ್ಟಲೆ ಕೂತು ನೋಡುವವನು ನಾನು.

ಕೂತು ಅಂದೆನಲ್ಲ, ತೊಂದರೆ ಇರುವುದೇ ಅಲ್ಲಿ. ನಮ್ಮವ್ವನ ಪ್ರಕಾರ ನಾನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಇದಕ್ಕೆ ಮುಂಚೆ ಮೂರು ಕೆಲಸ ಆಗಿದ್ದವು. ಎರಡನ್ನು ನಾನು ಬಿಟ್ಟೆ, ಒಂದು ನನ್ನನ್ನು ಬಿಟ್ಟಿತು. ಈ ಕೆಲಸ ಮಾತ್ರ ಯಾಕೋ ಹಿಡಿಸಿಬಿಟ್ಟಿತು. ಆ ಹಸಿರು ಬೆಳಕಿನ ಮುಂದೆ ತಲೆಯೊಳಗಿನ ಗದ್ದಲ ಸ್ವಲ್ಪ ಅಡಗುತ್ತಿತ್ತು. ಹಾಗಾಗಿ ಇದು ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ದಿನವೂ ಭಯ. ನಮಗಿದ್ದ ದೊಡ್ಡ ಗಿರಾಕಿ ಒಂದೇ ಒಂದು ಔಷಧಿ ಕಂಪನಿ. ಸದ್ಯಕ್ಕೆ ನಿಮ್ಮ ಕೆಲಸ ನೋಡುತ್ತೇವೆ, ಸರಿ ಕಂಡರೆ ಕಾಯಂ, ಇಲ್ಲದಿದ್ದರೆ ಮಾದರಿಗಳನ್ನು ವಿದೇಶಕ್ಕೆ ಕಳಿಸುತ್ತೇವೆ ಅಂದಿದ್ದರು. ನಮ್ಮ ಬಾಸು ಪಿಎಚ್‌ಡಿ ಮಾಡಿದವರು, ಎಲ್ಲರೂ ಡಾಕ್ಟರು ಅನ್ನುತ್ತಿದ್ದೆವು. ಅವರು ಕಾಫಿ ಕುಡಿಯುವಾಗಲೆಲ್ಲ ಹೇಳುತ್ತಿದ್ದರು: "ಇವ್ರು ಹೋದ್ರೆ ಮೆಷಿನ್ ಮಾರಿ ಬಾಗಿಲು ಹಾಕೋದೇ ಕಣಯ್ಯಾ."

ಆ ಕಾಫಿ ನನಗೆ ಒಂದು ದಿನವೂ ಸರಿಯಾಗಿ ಇಳಿಯಲಿಲ್ಲ.

ಭೂಕಂಪ

ಮೆಷಿನ್ ಬಂದ ಹೊಸದರಲ್ಲಿ ಚಿತ್ರ ನಿಲ್ಲುತ್ತಲೇ ಇರಲಿಲ್ಲ. ಲಕ್ಷ ಪಟ್ಟು ದೊಡ್ಡದು ಮಾಡಿ ತೋರಿಸುವ ಯಂತ್ರ ಅದು. ಇಲ್ಲಿ ಕೂದಲೆಳೆಯಷ್ಟು ಅಲುಗಿದರೆ ಪರದೆಯಲ್ಲಿ ಭೂಕಂಪ. ಅಲುಗಾಡಿದರೆ ವೈರಸ್ ಯಾವುದು, ಬಣ್ಣದ ಕಸ ಯಾವುದು ಗೊತ್ತಾಗುವುದಿಲ್ಲ.

ಡಾಕ್ಟರು ಮೊದಲು ಪಕ್ಕದ ಸ್ಕ್ರೂ ಫ್ಯಾಕ್ಟರಿಯ ಮೇಲೆ ಜಗಳಕ್ಕೆ ಹೋದರು. ಅವರು ಪಾಪ, ಒಂದು ಮಧ್ಯಾಹ್ನ ಎಲ್ಲ ನಿಲ್ಲಿಸಿ ತೋರಿಸಿದರು. ಆದರೂ ಅಲುಗಾಟ. ಆಮೇಲೆ ರಿಂಗ್ ರೋಡಿನ ಲಾರಿಗಳ ಮೇಲೆ ಅನುಮಾನ. ಆಮೇಲೆ ತಲೆ ಮೇಲೆ ಹಾರುವ ವಿಮಾನಗಳ ಮೇಲೆ. ಬಿಸ್ಕೆಟ್ ಗೋದಾಮಿನ ಇಲಿಗಳನ್ನೂ ಬಿಡಲಿಲ್ಲ. ಕೊನೆಗೆ ಚೆನ್ನೈನಿಂದ ಸರ್ವಿಸ್ ಎಂಜಿನಿಯರನ್ನು ಕರೆಸಿದರು.

ಆತ ಮೆಷಿನ್ ಮುಂದೆ ಕೂತ. ಚಿತ್ರ ಗೋಡೆಗೆ ಹೊಡೆದ ದೇವರ ಪಟದ ಹಾಗೆ ನಿಂತಿತು. ಎದ್ದು ನನ್ನನ್ನು ಕೂರಿಸಿದ. ಗಡಗಡ. ಮತ್ತೆ ಆತ ಕೂತ. ನಿಂತಿತು. ಮತ್ತೆ ನಾನು. ಗಡಗಡ. ಆತ ನನ್ನ ಮುಖ ನೋಡಿದ, ನಾನು ಆತನ ಮುಖ ನೋಡಿದೆ. ಅಷ್ಟರಲ್ಲಿ ಮಾದರಿ ತಯಾರು ಮಾಡುವ ನಮ್ಮ ಅಕ್ಕ ಬಗ್ಗಿ ಮೇಜಿನ ಕೆಳಗೆ ಟಾರ್ಚ್ ಬಿಟ್ಟಳು. ಅಕ್ಕ ಹಲಸೂರಿನ ತಮಿಳು ಹೆಂಗಸು, ಯಾರಿಗೂ ಹೆದರುವವಳಲ್ಲ.

"ಅಯ್ಯೋ ತಂಬಿ! ಕಾಲು ಕುಣಿಸ್ತಾ ಇದೀಯಲ್ಲಪ್ಪಾ! ಕೂತ್ಕೊಂಡು ಕಾಲು ಅಲ್ಲಾಡಿಸಿದ್ರೆ ಮನೆಗೆ ದರಿದ್ರ ಅಂತಾರೆ. ನೀನು ಲ್ಯಾಬ್‌ಗೇ ತಂದಿದೀಯ!"

ನೋಡಿದರೆ ನನ್ನ ಬಲಗಾಲು ಮೇಜಿನ ಕಾಲಿಗೆ ತಗುಲಿಕೊಂಡು ತನ್ನ ಪಾಡಿಗೆ ತಾನು ತಮಟೆ ಬಾರಿಸುತ್ತಿದೆ. ನನಗೇ ಗೊತ್ತಿಲ್ಲ. ಅವತ್ತಿನಿಂದ ನಾನು ಕೂತ ಕೂಡಲೇ ಅಕ್ಕ ಬಂದು ರಬ್ಬರ್ ಟ್ಯೂಬಿನಿಂದ ನನ್ನ ಮೊಣಕಾಲನ್ನು ಕುರ್ಚಿಗೆ ಕಟ್ಟಿಹಾಕುತ್ತಿದ್ದಳು. ಅವತ್ತು ಎಲ್ಲರೂ ನಕ್ಕರೂ ಎಂಜಿನಿಯರ್ ಮಾತ್ರ ನಗಲಿಲ್ಲ. ಗಂಭೀರವಾಗಿ ರಿಪೋರ್ಟ್ ಬರೆದು ಡಾಕ್ಟರ ಕೈಗೆ ಕೊಟ್ಟು ರೈಲಿಗೆ ಹೊರಟ. ಅದರಲ್ಲಿ ಇದ್ದದ್ದು ಇಷ್ಟೇ: "ಯಂತ್ರ ಸರಿಯಾಗಿದೆ. ಬದಲಾಯಿಸಬೇಕಾದ ಭಾಗ: ಆಪರೇಟರ್."

ಸಿಕ್ತಾ?

ನಾವಿದ್ದದ್ದು ಹಲಸೂರಿನ ಒಂದು ವಠಾರದಲ್ಲಿ, ಬಾಡಿಗೆ ಮನೆ. ಅವ್ವ ಯಾದಗಿರಿ ಕಡೆಯಿಂದ ಬಂದವಳು, ಈ ಊರಿನ ಕನ್ನಡ ಅವಳಿಗೆ ಕೊನೆಗೂ ಹತ್ತಲಿಲ್ಲ. ಸಂಜೆ ನಾನು ಗಲ್ಲಿಗೆ ಕಾಲಿಡುತ್ತಿದ್ದಂತೆ ಹೊಸ್ತಿಲಲ್ಲೇ ನಿಂತು ಕೂಗುತ್ತಿದ್ದಳು: "ಇವತ್ತ ಏನರೆ ಸಿಕ್ತೇನೋ ಯಪ್ಪಾ?"

"ಏನೂ ಸಿಗಲಿಲ್ಲವ್ವಾ!" ಅಂತ ನಾನು ಖುಷಿಯಿಂದ ಕೂಗುತ್ತಿದ್ದೆ. ವೈರಸ್ ಸಿಗಲಿಲ್ಲ ಎಂದರೆ ಔಷಧಿ ಶುದ್ಧ, ಗಿರಾಕಿ ಸಂತೋಷ, ನನ್ನ ಕೆಲಸ ಭದ್ರ. ಅವ್ವನಿಗೆ ಇದೆಲ್ಲ ಗೊತ್ತಿತ್ತು. ಕೇಳಿಸಿಕೊಳ್ಳುತ್ತಿದ್ದ ವಠಾರಕ್ಕೆ ಗೊತ್ತಿರಲಿಲ್ಲ.

ಕ್ರಮೇಣ ಜನ ನನ್ನನ್ನು ಕನಿಕರದಿಂದ ನೋಡತೊಡಗಿದರು. ಕ್ಷೌರದ ಅಂಗಡಿಯವನು ಕತ್ತರಿ ನಿಲ್ಲಿಸಿ, "ಇನ್ನೂ ಸಿಗ್ಲಿಲ್ವಾ ಸಾರ್?" ಅನ್ನುವನು. ಹಾಲಿನವನು, "ಟೈಮ್ ಬರ್ಬೇಕು ಬಿಡಿ" ಅನ್ನುವನು. ನನಗೋ ಮೊದಲೇ ಕೆಲಸದ ಚಿಂತೆ, ಇವರ ಸಮಾಧಾನ ಕೇಳಿ ಕೇಳಿ ನಿಜವಾಗಿಯೂ ಏನೋ ಕಳೆದುಕೊಂಡಿದ್ದೇನೆ ಅನ್ನಿಸಲು ಶುರುವಾಯಿತು. ಒಂದು ಭಾನುವಾರ ಮನೆ ಓನರ್ ಅಮ್ಮನವರು ಕರೆದು ಕೂರಿಸಿ, ಕಾಫಿ ಕೊಟ್ಟು, ಮೆಲ್ಲಗೆ ಶುರುಮಾಡಿದರು.

"ನೋಡಪ್ಪಾ, ಬೇಜಾರ್ ಮಾಡ್ಕೋಬೇಡ. ಇಷ್ಟ್ ದಿನ ಹುಡುಕ್ತಾ ಇದೀಯ, ಒಂದ್ ದಿನಾನೂ ಸಿಕ್ಕಿಲ್ಲ ಅಂತೀಯ. ಅವ್ರು ಸಂಬಳ ಹೆಂಗ್ ಕೊಡ್ತಾರೆ?"

"ಅಮ್ಮಾ, ಸಿಗದೇ ಇದ್ರೇ ಒಳ್ಳೇದು. ಹುಡುಕ್ಬೇಕು, ಆದ್ರೆ ಸಿಗ್ಬಾರ್ದು. ಅದೇ ನಮ್ ಕೆಲ್ಸ."

 ಅವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಹಂಗಾದ್ರೆ ನಮ್ ಮನೆಯವ್ರಿಗೂ ಅಲ್ಲೇ ಒಂದ್ ಕೆಲ್ಸ ಕೊಡ್ಸಪ್ಪಾ. ಅವ್ರಿಗೂ ಏನ್ ಹುಡುಕಿದ್ರೂ ಸಿಗಲ್ಲ."

ರೆಪ್ಪೆಗೂದಲು

ಕೆಲವು ಮಾದರಿಗಳನ್ನು ಅಂಟಿನಂಥ ರಾಳದಲ್ಲಿ ಗಟ್ಟಿ ಮಾಡಿ, ವಜ್ರದ ಚಾಕುವಿನಿಂದ ಕತ್ತರಿಸಬೇಕು. ಆ ಚೂರುಗಳು ಎಷ್ಟು ತೆಳ್ಳಗೆಂದರೆ ಈರುಳ್ಳಿ ಸಿಪ್ಪೆ ಅದರ ಮುಂದೆ ಚಪ್ಪಡಿ ಕಲ್ಲು. ನೀರಿನ ಮೇಲೆ ತೇಲುವ ಆ ಚೂರನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಚಿಮಟದಲ್ಲಿ ಹಿಡಿಯುವಂತಿಲ್ಲ. ಅದನ್ನು ತಳ್ಳುವುದಕ್ಕೆ ದೇಶ ವಿದೇಶದ ದೊಡ್ಡ ಲ್ಯಾಬುಗಳವರೂ ಬಳಸುವುದು ಒಂದೇ ಉಪಕರಣ. ಕಡ್ಡಿಯ ತುದಿಗೆ ಅಂಟಿಸಿದ ಮನುಷ್ಯರ ರೆಪ್ಪೆಗೂದಲು.

ಒಂದು ಬೆಳಿಗ್ಗೆ ಅಕ್ಕನ ಕಡ್ಡಿ ಕೈಜಾರಿ ಬಿದ್ದು ಕೂದಲು ಮುರಿಯಿತು. ಗಿರಾಕಿಯ ಮಾದರಿ ಮಾರನೇ ದಿನವೇ ಕತ್ತರಿಸಬೇಕು. ಅಕ್ಕನ ರೆಪ್ಪೆಯಲ್ಲಿ ಇದ್ದ ಉದ್ದದ ಕೂದಲೆಲ್ಲ ಆಗಲೇ ಸರ್ಕಾರಿ ಕಾಡಿನ ಮರಗಳ ಹಾಗೆ ಖಾಲಿಯಾಗಿದ್ದವು. ಡಾಕ್ಟರ ರೆಪ್ಪೆ ನರೆತು ಮೆತ್ತಗಾಗಿತ್ತು. ನನ್ನದು ಮೋಟು. "ಎಲ್ಲಿಂದಾದ್ರೂ ತಾ ತಂಬಿ. ಉದ್ದ ಇರ್ಬೇಕು, ಸ್ವಲ್ಪ ಬಾಗಿರ್ಬೇಕು, ತುದಿ ಚೂಪಾಗಿರ್ಬೇಕು" ಅಂದಳು ಅಕ್ಕ, ಹೂವಿನಂಗಡಿಗೆ ಕಳಿಸುವವಳ ಹಾಗೆ.

ಸಂಜೆ ಯಾವುದೋ ಸಾಮಾನು ತರಲು ಶಿವಾಜಿನಗರಕ್ಕೆ ಹೋಗುವ ಬಸ್ಸು ಹತ್ತಿದೆ. ಜನರ ಕಣ್ಣೇ ಕಣ್ಣು ನೋಡುತ್ತಾ ನಿಂತೆ. ಹೆಂಗಸರನ್ನು ನೋಡಿದರೆ ಒದೆ ಬೀಳುತ್ತದೆ, ಹಾಗಾಗಿ ಗಂಡಸರನ್ನೇ ನೋಡಿದೆ. ಕಿಟಕಿ ಪಕ್ಕ ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಒಬ್ಬ ವ್ಯಾಪಾರಿ ಕೂತಿದ್ದ. ಪೈಲ್ವಾನನ ಮೈಕಟ್ಟು, ಗುಡುಗಿನಂಥ ಗಂಟಲು. ಆದರೆ ರೆಪ್ಪೆ! ಉದ್ದ, ಬಾಗಿದ್ದು, ಚೂಪು. ಅಕ್ಕ ಹೇಳಿದ ಮೂರೂ ಗುಣ. ನನಗೆ ಕಣ್ಣು ಕೀಳಲಾಗಲಿಲ್ಲ.

"ಏನ್ ಗುರು, ಆಗ್ಲಿಂದ ಗುರಾಯಿಸ್ತಾ ಇದೀಯ? ಏನ್ ಸಮಾಚಾರ?"

ಗಾಬರಿಯಲ್ಲಿ ಬಾಯಿಗೆ ಬಂದದ್ದು ಸತ್ಯವೇ. "ನಿಮ್ ಕಣ್ ರೆಪ್ಪೆ ತುಂಬ ಚೆನ್ನಾಗಿದೆ."

 ಕಂಡಕ್ಟರ್ ಸೀಟಿ ಬಾಯಲ್ಲೇ ಇಟ್ಟುಕೊಂಡು ಊದುವುದನ್ನು ಮರೆತ. ನಾನು ಮುಂದಿನ ಸ್ಟಾಪಿನಲ್ಲಿ ಹಾರಲು ಸಿದ್ಧನಾದೆ. ಆದರೆ ಆ ಪೈಲ್ವಾನನ ಮುಖ ಕೆಂಪಗಾಗಿ, ತಲೆ ತಗ್ಗಿತು. "ನಮ್ ಅಮ್ಮೀ ಬಿಟ್ರೆ ಯಾರೂ ಹೇಳಿರ್ಲಿಲ್ಲ ಗುರು" ಅಂದ.

ಎಲ್ಲ ಬಿಡಿಸಿ ಹೇಳಿದೆ. ಔಷಧಿ ಪರೀಕ್ಷೆಗೆ ಅಂತ ಕೇಳಿದ ಕೂಡಲೇ ಆತ ಮರುಮಾತಾಡದೆ, ಕಣ್ಣಲ್ಲಿ ನೀರು ತಂದುಕೊಂಡು, ಎರಡು ಕೂದಲು ಕಿತ್ತು ಟಿಕೆಟ್ಟಿನಲ್ಲಿ ಸುತ್ತಿ ಕೊಟ್ಟ. ನಾನು ಹತ್ತು ಸಲ ಥ್ಯಾಂಕ್ಸ್ ಹೇಳಿ ಇಳಿದೆ. ಬಸ್ಸು ಹೊರಟಾಗ ಆತ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಇನ್ನೂ ಬೇಕಂದ್ರೆ ಬಾ ಗುರು, ಹೋಲ್‌ಸೇಲ್ ರೇಟಲ್ಲಿ ಕೊಡ್ತೀನಿ!"

ತುಂಬಾ ಫ್ರೆಶ್

ಮಾದರಿ ತರುವ ಜವಾಬ್ದಾರಿ ನಮ್ಮ ಡ್ರೈವರ್ ಭಾಯ್‌ದು. ಶಿವಾಜಿನಗರದ ಮನುಷ್ಯ. ನಿಯತ್ತು ಎಷ್ಟೆಂದರೆ ಥರ್ಮೋಕೋಲ್ ಡಬ್ಬಿಯೊಳಗಿನ ಐಸು ಕರಗಬಾರದೆಂದು ತಾನು ಬೆವರಿದರೂ ಸರಿ, ಡಬ್ಬಿಗೆ ನೆರಳು ಮಾಡುವನು. ಒಂದು ಶುಕ್ರವಾರ ಗಿರಾಕಿಯ ಕಂಪನಿಯಿಂದ ಮಾದರಿ ಎತ್ತಿಕೊಂಡು ಬರುವಾಗ, ಮನೆಗೆ ನೆಂಟರು ಬರುತ್ತಾರೆಂದು ರಸೆಲ್ ಮಾರುಕಟ್ಟೆಯಲ್ಲಿ ಒಂದು ನಿಮಿಷ ಗಾಡಿ ನಿಲ್ಲಿಸಿ ಸೀಗಡಿ ಕೊಂಡ. ಮೀನಿನವನೂ ಸೀಗಡಿಗೆ ಐಸು ಹಾಕಿ ಥರ್ಮೋಕೋಲ್ ಡಬ್ಬಿಯಲ್ಲೇ ಕೊಟ್ಟ. ಭಾಯ್ ಒಂದು ಡಬ್ಬಿ ಮನೆಯಲ್ಲಿ ಇಳಿಸಿ, ಇನ್ನೊಂದನ್ನು ಲ್ಯಾಬಿಗೆ ತಂದ.

ಅಕ್ಕ ಮುಚ್ಚಳ ತೆಗೆದಳು. ಒಳಗಿನಿಂದ ಸಾಲಾಗಿ ಮೀಸೆಗಳು ಮೇಲೆದ್ದು ನಿಂತವು.

ಸರಿಯಾಗಿ ಆಗಲೇ ಫೋನು. ಗಿರಾಕಿ ಕಂಪನಿಯ ಗುಣಮಟ್ಟ ನೋಡಿಕೊಳ್ಳುವ ಮೇಡಂ. ನಮ್ಮ ಹಣೆಬರಹ ಬರೆಯುವವರು ಅವರೇ. ಡಾಕ್ಟರು ಒಂದು ಕೈಯಲ್ಲಿ ಫೋನು ಹಿಡಿದು ಡಬ್ಬಿಯನ್ನೇ ದಿಟ್ಟಿಸುತ್ತಾ ನಿಂತರು. "ಮಾದರಿ ಬಂತಾ ಡಾಕ್ಟ್ರೇ? ಕಂಡೀಷನ್ ಹೇಗಿದೆ?" ಅಂತ ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಡಾಕ್ಟರ ಬಾಯಿಂದ ತಾನಾಗಿಯೇ ಬಂತು: "ತುಂಬಾ ಫ್ರೆಶ್ ಆಗಿದೆ ಮೇಡಂ."

ನಾನು ಕಾಲು ಸುಟ್ಟ ಬೆಕ್ಕಿನಂತೆ ಓಡಿದೆ. ಆಟೋ ಹಿಡಿದು ಶಿವಾಜಿನಗರದ ಗಲ್ಲಿ ಸೇರಿದರೆ, ಭಾಯ್ ಹೆಂಡತಿ ಬಾಗಿಲಲ್ಲೇ ಸಿಟ್ಟಿನಿಂದ ನಿಂತಿದ್ದರು. ಒಲೆ ಮೇಲೆ ಮಸಾಲೆ ಹುರಿದು ಘಮಘಮ. "ಕ್ಯಾ ಸಾಬ್, ಮಸಾಲಾ ರೆಡಿ ಮಾಡಿ ಡಬ್ಬಾ ತೆಗೆದ್ರೆ ಒಳಗೆ ಗಾಜಿನ ಟ್ಯೂಬು. ಇದನ್ನ ಹೆಂಗೆ ಸುಲಿಯೋದು?" ಅಂದರು.

ಆ ಟ್ಯೂಬುಗಳು ಎಷ್ಟು ಹೊತ್ತು ಒಲೆ ಪಕ್ಕ ಇದ್ದವೋ ಯಾರಿಗೆ ಗೊತ್ತು. ಅಂಥ ಮಾದರಿ ನೋಡಿ ಫಲಿತಾಂಶ ಕೊಟ್ಟರೆ ಅದು ಮೋಸ. ಮಾರನೇ ದಿನ ಡಾಕ್ಟರು ಗಟ್ಟಿ ಮನಸ್ಸು ಮಾಡಿ ಮೇಡಂಗೆ ಫೋನು ಮಾಡಿ, ಡಬ್ಬಿ ಅದಲುಬದಲಾಗಿದೆ, ಹೊಸ ಮಾದರಿ ಬೇಕು ಅಂತ ಒಪ್ಪಿಕೊಂಡರು.  ನಾನು ಉಗುರು ಕಚ್ಚಿ ಕಚ್ಚಿ ಬೆರಳಿಗೆ ಬಂದಿದ್ದೆ.

"ಹಾಗಾದ್ರೆ ನಿನ್ನೆ ತುಂಬಾ ಫ್ರೆಶ್ ಆಗಿದ್ದಿದ್ದು ಏನು ಡಾಕ್ಟ್ರೇ?"

ಡಾಕ್ಟರು ಕಣ್ಣು ಮುಚ್ಚಿಕೊಂಡು ಹೇಳಿದರು: "ಸೀಗಡಿ ಮೇಡಂ."

ಮೂರು ಟ್ಯೂಬು

ಮೇಡಂ ತಾವೇ ಬರುವುದಾಗಿ ಹೇಳಿ ಕಳಿಸಿದರು. ಅಂಕಿ ಮಾತ್ರ ಬರೆದ ಮೂರು ಟ್ಯೂಬು ತರುತ್ತಾರಂತೆ, ಪಕ್ಕದಲ್ಲೇ ಕೂತು ನೋಡುತ್ತಾರಂತೆ, ಒಳಗೆ ಏನಿದೆ ಎಂದು ನಾವು ಹೇಳಬೇಕಂತೆ. ಅವತ್ತೇ ಕಾಯಂ ಮಾಡುವ ಮಾತೂ ತೀರ್ಮಾನ.

ಡಾಕ್ಟರು ನಮ್ಮನ್ನೆಲ್ಲ ಸೇರಿಸಿ ಅರ್ಥ ಹೇಳಿದರು. "ಇದು ಪರೀಕ್ಷೆ ಕಣ್ರಯ್ಯಾ. ಬೇಕೂ ಅಂತ ವೈರಸ್ ಬೆರೆಸಿ ತರ್ತಾರೆ. ಹುಡುಕಿದ್ರೆ ಉಳೀತೀವಿ. ಹುಡುಕ್ಲಿಲ್ವಾ, ಮುಗೀತು." ಇಷ್ಟು ದಿನ ಸಿಗದಿರಲಿ ದೇವರೇ ಅನ್ನುತ್ತಿದ್ದ ಲ್ಯಾಬು ಅವತ್ತು ಒಟ್ಟಾಗಿ ಸಿಗಲಿ ದೇವರೇ ಅನ್ನತೊಡಗಿತು.

ಆ ದಿನ ಬಂತು. ಮೇಡಂ ಕತ್ತಲೆ ಕೋಣೆಯಲ್ಲಿ ನನ್ನ ಪಕ್ಕ ಕುರ್ಚಿ ಹಾಕಿಕೊಂಡು, ಕೈಕಟ್ಟಿ ಕೂತರು. ಮಾತಿಲ್ಲ ಕತೆಯಿಲ್ಲ. ಮೊದಲನೇ ಟ್ಯೂಬಿನ ಜಾಲರಿ ಇಟ್ಟೆ. ಒಂದೊಂದೇ ಕಿಂಡಿ ದಾಟುತ್ತಾ ಹೋದೆ. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ.  ಎದ್ದು ಓಡಿಹೋಗಿ ಮಾರತ್ತಹಳ್ಳಿ ಸರ್ಕಲ್‌ನಲ್ಲಿ ನಾಲ್ಕು ಸುತ್ತು ಹಾಕಿ ಬರೋಣ ಅನ್ನಿಸುತ್ತಿತ್ತು. ಡಾಕ್ಟರು ಗಳಿಗೆಗೊಮ್ಮೆ ಬಾಗಿಲ ಪರದೆ ಸರಿಸಿ, ದನಿಯೇ ಇಲ್ಲದೆ ತುಟಿಯಲ್ಲಿ "ಸಿಕ್ತಾ?" ಅಂತ ಕೇಳಿ ಮಾಯವಾಗುತ್ತಿದ್ದರು.

ನಡುವೆ ಮೇಡಂ ನೀರು ಕುಡಿಯಲು ಎದ್ದು ಹೋದರು, ದಾರಿ ತೋರಿಸಲು ನಾನೂ ಹೋದೆ. ಪಕ್ಕದ ಕೋಣೆಯಲ್ಲಿ ಅಕ್ಕ ಗೋಡೆಯ ಮುರುಗನ ಕ್ಯಾಲೆಂಡರ್ ಮುಂದೆ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು. ಜೋರಾಗಿಯೇ ಹೇಳುತ್ತಿದ್ದಳು: "ಮುರುಗಾ, ಆ ಮೇಡಂ ಔಷಧೀಲಿ ಒಂದೇ ಒಂದು ವೈರಸ್ಸಾದ್ರೂ ಸಿಗೋ ಹಂಗೆ ಮಾಡಪ್ಪಾ. ನೂರೊಂದು ಕಾಯಿ ಒಡೀತೀನಿ."

 ಮೇಡಂ ಲೋಟ ಕೆಳಗಿಟ್ಟು ಶಾಂತವಾಗಿ, "ಬ್ಯಾಚ್ ನಂಬರ್ ಕೂಡ ಹೇಳಮ್ಮಾ, ಪಾಪ ದೇವ್ರಿಗೆ ಕನ್‌ಫ್ಯೂಸ್ ಆಗ್ಬಾರ್ದು" ಅಂದು ವಾಪಸ್ ಬಂದು ಕೂತರು. ಮುಖದಲ್ಲಿ ನಗುವಿಲ್ಲ. ನಮ್ಮ ಕತೆ ಮುಗಿಯಿತು ಅಂದುಕೊಂಡೆ.

ಮೂರನೆಯದು. ಒಂದು ಮೂಲೆಯಲ್ಲಿ ದುಂಡಗೆ, ಕಪ್ಪಗೆ ನಾಲ್ಕಾರು ಚುಕ್ಕೆ.  ಸಿಕ್ಕಿತು! ದೊಡ್ಡದು ಮಾಡಿ ನೋಡಿದೆ. ಒಂದು ದಪ್ಪ, ಒಂದು ಸಣ್ಣ, ಒಂದರ ಅಂಚು ಹರಿದುಹೋಗಿದೆ. ವೈರಸ್ಸುಗಳು ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುತ್ತವೆ. ಇವು ಬಣ್ಣ ಒಣಗುವಾಗ ಕಟ್ಟಿದ ಗಂಟುಗಳು ಅಂತ ಮನಸ್ಸಿಗೆ ಗೊತ್ತು. ಆದರೆ ಮನಸ್ಸಿನ ಇನ್ನೊಂದು ಪಾಲು ಹೇಳುತ್ತಿದೆ, ವೈರಸ್ ಅಂದುಬಿಡೋ, ಕೆಲಸ ಉಳಿಯುತ್ತೆ. ಪರದೆ ಸಂದಿಯಿಂದ ಡಾಕ್ಟರ ಒಂದು ಕಣ್ಣು ಬೇರೆ ನನ್ನನ್ನೇ ನುಂಗುವ ಹಾಗೆ ನೋಡುತ್ತಿದೆ. ನಿಜ ಹೇಳುತ್ತೇನೆ, ಜೀವನದಲ್ಲಿ ಅಷ್ಟು ಚಡಪಡಿಸಿದ್ದು ನಾನು ಇನ್ನೊಂದು ಸಲ ಇಲ್ಲ.

"ಏನದು?" ಅಂತ ಮೇಡಂ ಕೇಳಿದರು.

"ಬಣ್ಣದ ಗಂಟು ಮೇಡಂ" ಅಂದೆ.  "ಮೂರರಲ್ಲೂ ನೋಡಿದಷ್ಟರಲ್ಲಿ ವೈರಸ್ ಕಾಣ್ಲಿಲ್ಲ."

ಪರದೆ ಸಂದಿಯ ಕಣ್ಣು ಮುಚ್ಚಿಕೊಂಡಿತು. ಹೊರಗೆ ಡಾಕ್ಟರು ಸ್ಟೂಲಿನ ಮೇಲೆ ಕುಸಿದ ಸದ್ದು. ಮೇಡಂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.   ಹೋಯಿತು, ನಾಲ್ಕನೇ ಕೆಲಸವೂ ಹೋಯಿತು.

ಆಗ ಹಿಂದಿನ ಬಾಗಿಲ ಕರಿ ಪರದೆ ಅಲ್ಲಾಡಿತು. ನಮ್ಮ ಭಾಯ್. ಬಿಸಿಲಿನಿಂದ ಬಂದವನಿಗೆ ಒಳಗೆ ಏನೂ ಕಾಣುತ್ತಿಲ್ಲ. ತಡಕಾಡುತ್ತಾ ಬಂದು, ಮೇಡಂ ಭುಜವನ್ನೇ ನನ್ನ ಭುಜ ಅಂತ ತಟ್ಟಿ, ಕಿವಿ ಹತ್ತಿರ ಬಗ್ಗಿ, ಮೂಗು ಕಟ್ಟಿದ ದನಿಯಲ್ಲಿ ಪಿಸುಗುಟ್ಟಿದ:

"ಸಾಬ್, ವೈರಸ್ ಸಿಗ್ತಿಲ್ಲ ಅಂತ ಡಾಕ್ಟರ್ ಸಾಬ್ ಅಳ್ತಾವ್ರೆ. ನೀವು ಟೆನ್ಷನ್ ತಗೋಬೇಡಿ. ನಂಗೆ ಮೂರ್ ದಿನದಿಂದ ಜಬರ್ದಸ್ತ್ ನೆಗಡಿ. ಹೇಳಿ, ಯಾವ ಟ್ಯೂಬಲ್ಲಿ ಸೀನ್ಲಿ?"

 ಕತ್ತಲಲ್ಲಿ ಮೇಡಂ ದನಿ ಬಂತು. ನಗು ತಡೆಹಿಡಿದು ತಡೆಹಿಡಿದು ಒಡೆದುಹೋದ ದನಿ.

"ಬೇಡಪ್ಪಾ. ಮೂರರಲ್ಲೂ ನಾನು ಏನೂ ಹಾಕೇ ಇರ್ಲಿಲ್ಲ. ಇಲ್ಲದ್ದನ್ನ ಕಂಡೆ ಅಂತಾರಾ ಅಂತ ನೋಡೋಕೆ ಬಂದಿದ್ದೆ. ಕೆಲ್ಸ ನಿಮ್ ಲ್ಯಾಬಿಗೇ ಕೊಡ್ತೀವಿ. ನೀವ್ ಮಾತ್ರ ದಯವಿಟ್ಟು ಕೆ.ಆರ್. ಪುರಂ ದಾಟಿ ಹೋಗಿ ಸೀನಿ."